ಹೇಳಬೇಡಿ ಅಂದಿದ್ದಳು

ಜುಲೈ 3, ಬುಧವಾರ

ಎರಡನೆಯ ಕೀಮೋ ಆಯಿತು. ಬಲಗಡೆಯ ಸ್ತನ ತೆಗೆದ ಮೇಲೆ ಆ ಕೈಗೆ ಸೂಜಿ ಚುಚ್ಚುವಂತಿಲ್ಲ. ಎಡಗೈಯ ನರಗಳು ಈಗಲೇ ಬತ್ತಿಹೋಗಿವೆ. ನರ್ಸ್ ಮತ್ತೆ ಮತ್ತೆ ಹುಡುಕುತ್ತಿರುವಾಗ ನಾನು ಗೋಡೆ ನೋಡುತ್ತ ಕುಳಿತಿದ್ದೆ. ನೋವಾಗುತ್ತಿದೆಯೇ ಎಂದು ಕೇಳಿದಳು. ಇಲ್ಲ ಎಂದೆ. ನಿಜವಾಗಿಯೂ ಆಗುತ್ತಿರಲಿಲ್ಲ. ಯಾರದೋ ಕೈ ಎನ್ನುವ ಹಾಗಿತ್ತು.

ಪಕ್ಕದ ಕುರ್ಚಿಯ ಹೆಂಗಸು ಮಾತ್ರ ಹಾಲ್ ತುಂಬ ಕೇಳುವಂತೆ ಕೂಗಿಕೊಂಡಳು. "ಯವ್ವಾ, ಸತ್ನೆಲ್ಲಬೇ!" ಇಲ್ಲಿ ತೆಲುಗು, ಉರ್ದುವಿಗೆ ಕಿವಿ ಒಗ್ಗಿಹೋಗಿದೆ. ಕನ್ನಡ ಕೇಳಿ ತಿರುಗಿ ನೋಡಿದೆ. ನರ್ಸ್ ಹಿಂದಿಯಲ್ಲಿ ಗದರುತ್ತಿದ್ದಳು, ಇವಳಿಗೆ ಅರ್ಥವಾಗುತ್ತಿರಲಿಲ್ಲ.

"ಕೈ ಸಡಲ ಬಿಡವಾ. ಬಿಗಿ ಹಿಡದ್ರ ನೋವು ಜಾಸ್ತಿ," ಎಂದೆ.

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. "ನಮ್ಮ ಕಡೆಯವ್ರೇನ್ರಿ ಅಕ್ಕಾರ?"

ಹೆಸರು ಗಂಗಾಬಾಯಿ. ಸುರಪುರದ ಹತ್ತಿರದ ಹಳ್ಳಿ. ಗಂಡ ಬೂದೆಪ್ಪ ಮಿಯಾಪುರದ ಆಚೆ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಕಾಂಕ್ರೀಟ್ ಕೆಲಸಕ್ಕಿದ್ದಾನೆ. ಇವಳೂ ಅಲ್ಲೇ ಇಟ್ಟಿಗೆ ಹೊರುತ್ತಿದ್ದಳು, ಕೂಲಿಯವರ ಶೆಡ್ಡಿನಲ್ಲೇ ವಾಸ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್. ದಿನವೂ ಬಂದು 'ಕರೆಂಟು', ಅಂದರೆ ರೇಡಿಯೇಶನ್, ಹಾಕಿಸಿಕೊಳ್ಳಬೇಕು, ವಾರಕ್ಕೊಮ್ಮೆ ಕೀಮೋ ಬಾಟಲಿ. ಒಬ್ಬಳೇ ಮಗಳು, ಊರಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ.

ನಮ್ಮವರು ತಂದ ಮೊಸರನ್ನವನ್ನು ಅವಳಿಗೆ ಕೊಟ್ಟೆ. ಚೊಕ್ಕಟವಾಗಿ ತಿಂದಳು. ನೋಡಲು ಚೆನ್ನಾಗಿತ್ತು.

ಜುಲೈ 7, ಭಾನುವಾರ

ಮೂರು ದಿನ ಎದ್ದಿರಲಿಲ್ಲ. ಇವತ್ತು ಎದ್ದು ಇವರಿಗೆ ಹುಳಿ ಮಾಡುವುದನ್ನು ಕಲಿಸಿದೆ. ಬೇಳೆಗೆ ನೀರೆಷ್ಟು, ಹುಣಸೆಹಣ್ಣು ಯಾವಾಗ ಹಿಂಡಬೇಕು, ಎಲ್ಲ. ಇವರು ಸೌಟು ಹಿಡಿದುಕೊಂಡು, "ಇದನ್ನೆಲ್ಲಾ ನಾ ಯಾಕ ಕಲೀಬೇಕು? ನೀ ಆರಾಮ ಆದ ಮ್ಯಾಲ ನೀನ ಮಾಡ್ತಿ," ಅಂದರು. ಕಲಿತಿರಲಿ ಎಂದೆ.

ಗ್ಯಾಸ್ ಪುಸ್ತಕ, ಮಗಳು ಲಹರಿಯ ಕಾಲೇಜಿನ ಕಾಗದಗಳು, ಮನೆಯ ಪತ್ರ, ಎಲ್ಲ ಒಂದೇ ಕಪಾಟಿಗೆ ಹಾಕಿದೆ. ಮನೆ ಒಪ್ಪವಾದರೆ ಮನಸ್ಸಿಗೆ ಹಗುರ.

ವರಂಗಲ್‌ನಿಂದ ಲಹರಿ ಫೋನ್ ಮಾಡಿದ್ದಳು. ಬರುತ್ತೇನೆ ಎಂದಳು. ಪರೀಕ್ಷೆ ಬಿಟ್ಟು ಬರುವುದು ಬೇಡ ಎಂದೆ. ಅವಳು ನನ್ನನ್ನು ಹೀಗೆ ನೋಡದಿರುವುದೇ ಒಳ್ಳೆಯದು. ಹಳೆಯ ಮುಖವೇ ನೆನಪಿರಲಿ.

ಜುಲೈ 11, ಗುರುವಾರ

ಆಸ್ಪತ್ರೆಯಿಂದ ಸ್ರವಂತಿ ಎಂಬವಳ ಫೋನ್. ರೋಗಿಗಳ ಮನಸ್ಸಿನ ಕಷ್ಟ ಕೇಳುವ ಕೌನ್ಸೆಲರ್. ಇನ್ನೂ ಚಿಕ್ಕ ಹುಡುಗಿ. ಗಂಗಾಬಾಯಿ ಊಟ ಬಿಟ್ಟಿದ್ದಾಳೆ, ಯಾರೊಡನೆಯೂ ಮಾತಿಲ್ಲ, ಭಾಷೆ ಗೊತ್ತಿರುವವರು ಆಸ್ಪತ್ರೆಯಲ್ಲಿ ಯಾರೂ ಇಲ್ಲ, ಮಂಗಳವಾರ ರಕ್ತಪರೀಕ್ಷೆಗೆ ಬಂದಾಗ ಸ್ವಲ್ಪ ಕೂತು ಅನುವಾದ ಮಾಡುತ್ತೀರಾ ಆಂಟೀ ಎಂದು ಕೇಳಿದಳು.

ಒಪ್ಪಿಕೊಂಡೆ. ಹದಿನೇಳು ವರ್ಷ ಇಲ್ಲಿನ ಶಾಲೆಯಲ್ಲಿ ತೆಲುಗು ಮಕ್ಕಳಿಗೆ ಹಿಂದಿ ಕಲಿಸಿದವಳು ನಾನು. ರಜೆಯ ಮೇಲೆ ಕೂತ ಮೇಲೆ ಯಾರಿಗೂ ಯಾವ ಉಪಯೋಗಕ್ಕೂ ಬಂದಿರಲಿಲ್ಲ.

ಜುಲೈ 16, ಮಂಗಳವಾರ

ಸ್ರವಂತಿಯ ಕೋಣೆ ಔಷಧಿ ಅಂಗಡಿಯ ಹಿಂದೆ ಇದೆ. ಮೊದಲು ನಿದ್ದೆ, ಊಟ, ನೋವು ಕೇಳಿದಳು. ನಾನು ಅತ್ತಿಂದಿತ್ತ ಹೇಳುತ್ತ ಹೋದೆ. ಆಮೇಲೆ ನನ್ನ ಕಡೆ ತಿರುಗಿ, ಮುಂದಿನದನ್ನು ನಾನು ಕೇಳಿದ ಹಾಗೆಯೇ ಕೇಳಿ, ಮೆತ್ತಗೆ ಮಾಡಬೇಡಿ ಎಂದು ತೆಲುಗಿನಲ್ಲಿ ಎಚ್ಚರಿಸಿದಳು.

"ಚನಿಪೋವಾಲನಿ ಎಪ್ಪುಡೈನಾ ಅನಿಪಿಂಚಿಂದಾ?"

ಸಾಯಬೇಕು ಎಂದು ಯಾವಾಗಲಾದರೂ ಅನಿಸಿದೆಯೇ? "ಗಂಗಾಬಾಯಿ, ಮನಸ್ಸಿಗೆ ಭಾಳ ಬ್ಯಾಸರ ಆಗ್ತೈತೇನು ಅಂತ ಕೇಳಾಕತ್ತಾರ," ಎಂದೆ.

ಗಂಗಾಬಾಯಿ ಸ್ರವಂತಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಆ ಮೇಡಂ ಅಷ್ಟ್ ಸಣ್ಣ ಮಾತು ಕೇಳಿಲ್ರಿ ಅಕ್ಕಾರ."

ಹಾಗಾಗಿ ಸರಿಯಾಗಿ ಕೇಳಬೇಕಾಯಿತು. ಅವಳು ತಲೆ ತಗ್ಗಿಸಿ, ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಹೇಳಿದಳು:

"ಅನಸ್ತದ್ರಿ. ದಿನಾ ಅನಸ್ತದ. ಶೆಡ್ಡಿನಾಗ ನನ್ನ ತಾಟು ಬ್ಯಾರೆ ಇಟ್ಟಾರ. ವಾಸನಿ ಬರ್ತದಂತ ಗಂಡ ಹೊರಗ ಮಲಗ್ತಾನ. ಅವ ಕೆಟ್ಟಾವಲ್ರಿ, ದುಡದು ಬಂದಿರ್ತಾನ, ಅವಗೂ ನಿದ್ದಿ ಬೇಕಲ್ಲ. ಒಂದ್ ಸಲ ಊರಿಗೆ ಹೋಗಿ ಮಗಳ ಮಾರಿ ನೋಡಿದ್ರ ನಂದು ಮುಗೀತು. ಆಮ್ಯಾಲ ಏನ್ ಮಾಡ್ಕೋಬೇಕಂತ ವಿಚಾರ ಮಾಡಿ ಇಟ್ಟೀನಿ." ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದಳು. "ಇದನ್ನ ಹೇಳಬ್ಯಾಡ್ರಿ. ಹೇಳಿದ್ರ ಗಂಡನ್ನ ಕರಸ್ತಾರ, ಶೆಡ್ಡಿಗೆಲ್ಲಾ ಗೊತ್ತಾಗ್ತದ. ನಿಮ್ಮ ಕಾಲ ಬೀಳ್ತೀನ್ರಿ."

ಸ್ರವಂತಿ ಪೆನ್ನು ಹಿಡಿದು ಕಾಯುತ್ತಿದ್ದಳು.

"ಲೇದಮ್ಮಾ. ಭಯಂ, ಅಂತೇ," ಎಂದೆ. ಇಲ್ಲ, ಬರೀ ಭಯ.

ಇಷ್ಟು ಹೊತ್ತು ಮಾತಾಡಿದರಲ್ಲ, ಇಷ್ಟೇನಾ ಎಂದು ಅವಳು ಕೇಳಿದಳು. ಊರಿನ ವಿಷಯ ಹೇಳುತ್ತಿದ್ದಳು ಎಂದೆ. ಅವಳು ನನ್ನನ್ನು ಸ್ವಲ್ಪ ಹೆಚ್ಚೇ ನೋಡಿದಳು.

ಮೆಟ್ರೋದಲ್ಲಿ ಬರುವಾಗ ಯೋಚಿಸಿದೆ. ಒಬ್ಬಳು ನಂಬಿ ಹೇಳಿದ್ದನ್ನು ಬಯಲು ಮಾಡಲು ನಾನು ಯಾರು? ಅವಳು ಹೇಳಿದ್ದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಸುತ್ತಲಿನವರಿಗೆ ಭಾರವಾಗಿ ಎಷ್ಟು ದಿನ ಇರುವುದು?

ಜುಲೈ 20, ಶನಿವಾರ

ಇಲಕಲ್ ಸೀರೆಗಳನ್ನು ಲಹರಿಗೆಂದು ಗಂಟು ಕಟ್ಟಿ ಕೊರಿಯರ್ ಮಾಡಿದೆ. ಇವರು ಸಂಜೆ ಬಂದು ಕಪಾಟು ನೋಡಿ ಬಾಗಿಲಲ್ಲೇ ನಿಂತರು.

"ಸೀರಿ ಎಲ್ಲಿ ಹೋದುವು?"

"ಆಕಿಗೆ ಕಳಿಸಿದೆ. ನಾ ಎಲ್ಲಿ ಉಡತೀನಿ?"

"ದೀಪಾವಳಿಗೆ ಉಡತಿದ್ದಿ."

ನನಗೆ ದೀಪಾವಳಿ ಬಹಳ ದೂರದಲ್ಲಿ ಕಾಣಿಸಿತು. ಅವರು ಊಟ ಮಾಡದೆ ಬಾಲ್ಕನಿಯಲ್ಲಿ ಕುಳಿತರು. ಹುಳಿ ಅವರೇ ಮಾಡಿದ್ದು, ಚೆನ್ನಾಗಿಯೇ ಆಗಿತ್ತು.

ಜುಲೈ 22, ಸೋಮವಾರ

ಸ್ರವಂತಿಯ ಫೋನ್. ಗಂಗಾಬಾಯಿ ಇವತ್ತು ಕರೆಂಟಿಗೆ ಬಂದಿಲ್ಲ. ಅವಳ ಫೋನ್ ಬಂದ್ ಆಗಿದೆ. ನಿಮಗೇನಾದರೂ ಗೊತ್ತಾ ಎಂದಳು. ಗೊತ್ತಿಲ್ಲ, ಊರಿಗೆ ಹೋಗಿರಬಹುದು ಎಂದೆ.

ಜುಲೈ 23, ಮಂಗಳವಾರ

ಫೋನ್ ಬಂತು. ಎತ್ತಲಿಲ್ಲ.

ಜುಲೈ 26, ಶುಕ್ರವಾರ

ಇವತ್ತು ಪೆನ್ನು ಹಿಡಿಯುವಷ್ಟು ಆಗಿದೆ. ಬುಧವಾರದ್ದನ್ನು ಬರೆದುಬಿಡಬೇಕು.

ಮೂರನೆಯ ಕೀಮೋ. ಪಕ್ಕದ ಕುರ್ಚಿಯಲ್ಲಿ ಬೇರೆ ಯಾರೋ ಮುದುಕಿ ಕೂತಿದ್ದಳು. ಅವಳನ್ನು ನೋಡಿದ ಕೂಡಲೇ ಮನಸ್ಸಿಗೆ ಬಂದದ್ದು, ಗಂಗಾಬಾಯಿ ಪಾರಾದಳು ಎಂದು. ಅವಳಿಗೆ ಇನ್ನು ಸೂಜಿಯಿಲ್ಲ, ವಾಂತಿಯಿಲ್ಲ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಅದು ಹೊಟ್ಟೆಕಿಚ್ಚು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಬಾಟಲಿ ಮುಗಿಯುತ್ತ ಬಂದಿತ್ತು. ನರ್ಸ್‌ಗೆ ಹೇಳಿ ಸ್ರವಂತಿಯನ್ನು ಕರೆಸಿದೆ. ಇವರು ಪಕ್ಕದ ಸ್ಟೂಲ್ ಮೇಲೆ ಕುಳಿತಿದ್ದರು. ಅವರೆದುರೇ ಹೇಳಿದೆ: ಆ ದಿನ ಅವಳು ಭಯ ಎಂದಿರಲಿಲ್ಲ. ದಿನವೂ ಸಾಯಬೇಕು ಅನಿಸುತ್ತದೆ, ಹೇಗೆ ಎಂದೂ ಯೋಚಿಸಿದ್ದೇನೆ ಎಂದಿದ್ದಳು. ಹೇಳಬೇಡಿ ಅಂದಿದ್ದಳು, ನಾನು ಹೇಳಲಿಲ್ಲ.

ಬೈಯುತ್ತಾಳೆ ಎಂದುಕೊಂಡಿದ್ದೆ. ಸ್ರವಂತಿ ಬೈಯಲಿಲ್ಲ. ಕಟ್ಟಡದ ಮೇಸ್ತ್ರಿಯ ನಂಬರಿಗೆ ಮಾಡಿ ಬೂದೆಪ್ಪನನ್ನು ಹಿಡಿದಳು, ಫೋನ್ ನನಗೆ ಕೊಟ್ಟಳು.

"ಗಂಗಾಬಾಯಿ ಎಲ್ಲದಾಳಪ್ಪಾ?"

"ದವಾಖಾನಿಗೇ ಬಂದಾಳಲ್ರಿ! ಮುಂಜಾನಿ ರೊಟ್ಟಿ ಕಟಗೊಂಡು ಹೋದ್ಳು. ನಿನ್ನಿನೂ ಬಂದಿದ್ಳು, ಮೊನ್ನಿನೂ ಬಂದಿದ್ಳು. ಸಂಜೀಕ ತಿರುಗಿ ಬರ್ತಾಳಲ್ರಿ."

ದಿನವೂ ಆಸ್ಪತ್ರೆಗೆಂದು ಹೊರಟಿದ್ದಾಳೆ, ಆಸ್ಪತ್ರೆಗೆ ಬಂದಿಲ್ಲ. ಆ ಕಡೆಯಿಂದ ಬೂದೆಪ್ಪ, "ಯಾಕ್ರಿ, ಬಂದಿಲ್ಲೇನ್ರಿ? ಏನಾಗ್ಯಾದ್ರಿ?" ಎಂದು ಕೂಗುತ್ತಿದ್ದ. ನಿಮ್ಮ ಊರಿಗೆ ರೈಲು ಎಲ್ಲಿಂದ ಹತ್ತುತ್ತೀರಿ ಎಂದು ಕೇಳಿದೆ. ಸಿಕಂದರಾಬಾದಿನಿಂದ ಯಾದಗಿರಿಗೆ ಹೋಗುತ್ತೇವೆ ಎಂದ. ವಿಷಯ ಹೇಳಿ, ನೀನೂ ಸ್ಟೇಷನ್ನಿಗೆ ಬಾ ಎಂದೆ. ಮಗಳ ಮುಖ ನೋಡಬೇಕು ಎಂದಿದ್ದಳು, ಅಲ್ಲಿ ನೋಡೋಣ ಎಂದು ಸ್ರವಂತಿಗೆ ಹೇಳಿದೆ. ಅವಳು ಆಗಲೇ ರೈಲ್ವೆ ಪೊಲೀಸರಿಗೆ ಫೋನ್ ಹಚ್ಚುತ್ತಿದ್ದಳು.

ಸೂಜಿ ತೆಗೆದ ಕೂಡಲೇ ನಾನು ಎದ್ದೆ. ಇವರು, "ನೀ ಮನೀಗೆ ನಡಿ, ನಾವ್ ನೋಡತೀವಿ," ಅಂದರು. ಆಕೆಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ, ನಾನೇ ಬರಬೇಕು ಎಂದೆ. ಮೂವರೂ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಟ್ರಾಫಿಕ್. ಒಂದೊಂದು ಸಿಗ್ನಲಿನಲ್ಲೂ ನನಗೆ, ತಡವಾಯಿತು, ನಾನೇ ತಡಮಾಡಿದೆ ಎಂಬುದೊಂದೇ.

ಸ್ಟೇಷನ್ನಿನಲ್ಲಿ ಎಲ್ಲ ಕಡೆ ಜನ. ಸ್ರವಂತಿ ಪ್ಲಾಟ್‌ಫಾರ್ಮುಗಳ ಕಡೆ ಓಡಿದಳು. ಇವರು ಟಿಕೆಟ್ ಕೌಂಟರಿನ ಕಡೆ ಹೋದರು. ನಾನು ಹೆಂಗಸರ ವೇಟಿಂಗ್ ರೂಮಿಗೆ ಹೋದೆ. ಬೆಂಚುಗಳಲ್ಲಿ ಇರಲಿಲ್ಲ. ಒಳಗಿನ ಮೂಲೆಯಲ್ಲಿ ನೆಲದ ಮೇಲೆ, ಗೋಡೆಗೆ ಒರಗಿ, ಮಡಿಲಲ್ಲಿ ಬುತ್ತಿಗಂಟು ಇಟ್ಟುಕೊಂಡು ಕುಳಿತಿದ್ದಳು. ಜೀವಂತ ಇದ್ದಳು. ಅವಳ ಕೈ ಹಿಡಿದು ಪಕ್ಕದಲ್ಲೇ ನೆಲದ ಮೇಲೆ ಕುಳಿತೆ.

"ಗಾಡಿ ಹತ್ತಲಿಲ್ಲೇನು?" ಎಂದೆ.

"ದಿನಾ ಬರ್ತೀನ್ರಿ. ಹತ್ತಬೇಕಂತ ಬರ್ತೀನಿ. ಹತ್ತಾಕ ಆಗವಲ್ದು." ಅವಳ ಕಣ್ಣು ಒಣಗಿದ್ದವು. "ಹತ್ತಿದ್ರ ಹುಡುಗಿ ಮಾರಿ ನೋಡ್ಬೇಕಾಗ್ತದ. ನೋಡಿದ್ ಮ್ಯಾಲ ಸಾಯಾಕ ಆಗೋದಿಲ್ಲ. ನೋಡಲಾರ್ದಂಗನೂ ಸಾಯಾಕ ಆಗೋದಿಲ್ಲ. ಹಿಂಗ ಕುಂತೀನಿ."

"ಇವತ್ತೂ ಆ ವಿಚಾರ ಐತೇನು?"

"ಅದ್ರಿ."

"ಗಂಗಾಬಾಯಿ, ನಾ ಹೇಳಿಬಿಟ್ಟೆ. ಆ ಮೇಡಂಗೆ. ನಿನ್ನ ಗಂಡಗೂ ಗೊತ್ತಾಗೇತಿ, ಬರಾಕತ್ತಾನ."

ಅವಳು ನನ್ನ ಕೈ ಕೊಡವಿದಳು. "ಹೇಳಬ್ಯಾಡ್ರಿ ಅಂದಿದ್ನೆಲ್ರಿ! ನಂಬಿ ಹೇಳಿದ್ನೆಲ್ರಿ ನಾನು! ಇನ್ ಶೆಡ್ಡಿನಾಗ ಮಾರಿ ಹ್ಯಾಂಗ ತೋರಸ್ಲಿ?" ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಏನೋ ಹೇಳಲು ಹೋದೆ. ಅಷ್ಟರಲ್ಲಿ ಅಲ್ಲೇ, ಅವಳ ಎದುರಲ್ಲೇ ವಾಂತಿ ಮಾಡಿಕೊಂಡೆ. ತಲೆಗೆ ಸುತ್ತಿದ್ದ ಸ್ಕಾರ್ಫ್ ಜಾರಿತು. ಬೋಳುತಲೆ ಎಲ್ಲರಿಗೂ ಕಂಡಿತು.

ಬೈಯುತ್ತಿದ್ದವಳು ಬೈಯುತ್ತಲೇ ನನ್ನ ಹಣೆ ಹಿಡಿದುಕೊಂಡಳು. ಬುತ್ತಿಯ ಬಟ್ಟೆ ಬಿಚ್ಚಿ ಬಾಯಿ ಒರೆಸಿದಳು. ಬೆನ್ನು ಉಜ್ಜಿದಳು. ಅವಳ ಅಂಗೈ ಇಟ್ಟಿಗೆಯ ಹಾಗೆ ಒರಟು. ಎಷ್ಟೋ ದಿನಗಳ ನಂತರ ಆ ಮುಟ್ಟುವಿಕೆ ನನ್ನ ಮೈಗೆ ತಿಳಿಯಿತು. ವಾಂತಿ ನಿಂತ ಮೇಲೂ ಅವಳು ಕೈ ತೆಗೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದವಳು ದನಿ ತಗ್ಗಿಸಿ ಕೇಳಿದಳು: "ಅಕ್ಕಾರ, ನಿಮಗೂ ಹಂಗ ಅನಸ್ತದೇನ್ರಿ?"

ನಾನು ನೀರು ಬೇಕು ಎಂದೆ.

ಸ್ರವಂತಿ ಬಂದಳು. ಬೂದೆಪ್ಪ ಮೈಯೆಲ್ಲ ಸಿಮೆಂಟ್ ಇದ್ದ ಹಾಗೆಯೇ ಓಡಿ ಬಂದ. ಹೆಂಗಸರ ಕೋಣೆಯೊಳಗೆ ಬರಬಾರದೆಂದು ಯಾರೋ ತಡೆದರೂ ಕೇಳದೆ ಬಂದು, ಹೆಂಡತಿಯ ಎದುರು ಕುಕ್ಕರಗಾಲಲ್ಲಿ ಕುಳಿತು, "ರೊಟ್ಟಿ ತಿಂದಿಲ್ಲಲ್ಲ," ಎಂದ. ಆಗ ಅವಳು ಅತ್ತಳು. ಅವಳನ್ನು ಅಂದೇ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಕೊಂಡರು.

ಜುಲೈ 28, ಭಾನುವಾರ

ಇದನ್ನು ಬರೆಯುವುದು ಬೇಡ ಎಂದುಕೊಂಡಿದ್ದೆ.

ನಿನ್ನೆ ಮಧ್ಯಾಹ್ನ ಗಂಗಾಬಾಯಿಯ ಜೊತೆ ಮಾತಾಡಲು ಸ್ರವಂತಿ ಮತ್ತೆ ಕರೆದಿದ್ದಳು. ನಾನೊಬ್ಬಳೇ ನಡೆಯಲಾರೆ ಎಂದು ಇವರೂ ಬಂದು ಕೋಣೆಯಲ್ಲೇ ಕುಳಿತರು. ಈ ಸಲ ನಾನು ಒಂದಕ್ಷರ ಬಿಡದೆ ಹೇಳಿದೆ, ಅವಳದನ್ನು ಇವಳಿಗೆ, ಇವಳದನ್ನು ಅವಳಿಗೆ. ಗಂಗಾಬಾಯಿ ನನ್ನ ಮೇಲಿನ ಸಿಟ್ಟನ್ನೂ ಹೇಳಿದಳು, ಅದನ್ನೂ ಅನುವಾದಿಸಿದೆ. ಬೂದೆಪ್ಪನ ಕೈಗೆ ಔಷಧಿ ಕೊಡುವುದು, ಅವಳನ್ನು ಕೆಲವು ದಿನ ಒಂಟಿ ಬಿಡದಿರುವುದು, ಮಗಳನ್ನು ಕರೆಸುವುದು, ಮನೋವೈದ್ಯರನ್ನು ಕಾಣುವುದು, ವಾಸನೆಗೆ ಬೇರೆ ಔಷಧಿ ಇದೆ, ಅದನ್ನು ಮೊದಲೇ ಕೇಳಬೇಕಿತ್ತು ಎನ್ನುವುದು, ಇಷ್ಟೆಲ್ಲ ಮಾತಾಯಿತು. ಇಂಥದ್ದನ್ನು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಜನ ಹೆದರುತ್ತಾರೆ, ಹಾಗಾಗುವುದಿಲ್ಲ ಆಂಟೀ, ಕೇಳಿದರೆ ಭಾರ ಇಳಿಯುತ್ತದೆ ಎಂದು ಸ್ರವಂತಿ ನನಗೆ ಹೇಳಿದಳು.

ಮುಗಿಯಿತು ಎಂದು ಏಳುತ್ತಿದ್ದೆ. ಗಂಗಾಬಾಯಿ ಸ್ರವಂತಿಯ ಮೇಜು ಬಡಿದಳು. ಸಂತೆಯಲ್ಲಿ ಕಿವಿಗೆ ಬಿದ್ದ ನಾಲ್ಕೇ ಹರುಕು ಹಿಂದಿ ಮಾತಿನಲ್ಲಿ, ನನ್ನ ಕಡೆ ಬೆರಳು ಮಾಡಿ ಹೇಳಿದಳು:

"ಮೇಡಂ, ಇನ್ಕೋ ಭೀ ಪೂಛೋ. ಇನ್ಕೋ ಭೀ ಹೈ."

ಇವರನ್ನೂ ಕೇಳಿ. ಇವರಿಗೂ ಇದೆ. ಇದನ್ನು ಯಾರಿಗೂ ಅನುವಾದಿಸಿ ಹೇಳಬೇಕಾಗಿರಲಿಲ್ಲ.

ನಾನು ನಕ್ಕೆ. ಏನೋ ಹೇಳುತ್ತಾಳೆ ಎಂದೆ. ಸ್ರವಂತಿ ನಗಲಿಲ್ಲ. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಅದೇ ಪ್ರಶ್ನೆಯನ್ನು ತೆಲುಗಿನಲ್ಲಿ ನನಗೇ ಕೇಳಿದಳು. ಮೆತ್ತಗೆ ಮಾಡಲಿಲ್ಲ.

ಇಷ್ಟು ವರ್ಷ ತೆಲುಗಿನಲ್ಲಿ ಸಂತೆ ಮಾಡಿದ್ದೇನೆ, ಜಗಳ ಆಡಿದ್ದೇನೆ. ಬಾಯಿಗೆ ಬಂದದ್ದು ಕನ್ನಡ.

"ಅನಸ್ತೈತಿ. ದಿನಾ ಅನಸ್ತೈತಿ. ನಾ ಇಲ್ಲಂದ್ರ ಇವರು ಚಲೋ ಇರತಾರ ಅನಸ್ತೈತಿ. ಅದಕ್ಕ ಅಡಗಿ ಕಲಿಸೀನಿ, ಸೀರಿ ಕಳಿಸೀನಿ. ಇನ್ ಏನೂ ಉಳದಿಲ್ಲ."

ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು. ಸ್ರವಂತಿಗೆ ಅರ್ಥವಾಗಲಿಲ್ಲ. ಇವರ ಕಡೆ ತಿರುಗಿ, ಏನು ಹೇಳಿದರು ಸರ್ ಎಂದಳು.

ಇವರು, ಚಂದ್ರಹಾಸ, ಮಾತು ಕಡಿಮೆ ಇರುವ ಮನುಷ್ಯ. ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ಇದ್ದು ಇದ್ದು ಹಾಗಾಗಿದ್ದಾರೆ. ಈಗ ಭಯ ಅಷ್ಟೇ ಎಂದುಬಿಡುತ್ತಾರೆ, ನಾನು ಬದುಕಿಕೊಳ್ಳುತ್ತೇನೆ ಎಂದುಕೊಂಡೆ. ಅವರು ಎರಡೂ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಶಾಲೆಯ ಹುಡುಗ ಪಾಠ ಒಪ್ಪಿಸುವ ಹಾಗೆ, ಒಂದೊಂದೇ ಮಾತನ್ನು ತೆಲುಗಿಗೆ ಇಳಿಸಿದರು. ದಿನವೂ ಅನಿಸುತ್ತದಂತೆ. ತಾನು ಇಲ್ಲದಿದ್ದರೆ ಇವರು ಚೆನ್ನಾಗಿರುತ್ತಾರೆ ಅನಿಸುತ್ತದಂತೆ. ಅಲ್ಲಿ ನಿಂತರು.

"ಇವರು ಅಂದರೆ ನಾನು, ಮೇಡಂ," ಎಂದರು.

ಆಮೇಲೆ ಉಳಿದದ್ದನ್ನೂ ಹೇಳಿ ಮುಗಿಸಿದರು.

ಆಗಸ್ಟ್ 5, ಸೋಮವಾರ

ಬರೆಯಲು ಹೊತ್ತೇ ಸಿಗುವುದಿಲ್ಲ. ಲಹರಿ ಪರೀಕ್ಷೆ ಮುಗಿಸಿದವಳೇ ಬಂದುಬಿಟ್ಟಿದ್ದಾಳೆ. ನನ್ನ ತಲೆ ನೋಡಿ ಅತ್ತಳು, ಆಮೇಲೆ ಎಣ್ಣೆ ಹಚ್ಚುತ್ತೇನೆ ಎಂದು ಕುಳಿತಳು. ಎಣ್ಣೆ ಹಚ್ಚಲು ಕೂದಲೆಲ್ಲಿ ಎಂದು ಬೈದೆ. ಮಾತ್ರೆಗಳೆಲ್ಲ ಇವರ ಹತ್ತಿರ ಇವೆ, ಎಣಿಸಿ ಕೊಡುತ್ತಾರೆ. ಮೊದಮೊದಲು ನನಗೆ ಅವಮಾನ ಅನಿಸಿತ್ತು. ಮನೋವೈದ್ಯರು ಒಂದು ಮಾತ್ರೆ ಬರೆದಿದ್ದಾರೆ, ಪರಿಣಾಮಕ್ಕೆ ಕೆಲವು ವಾರ ಬೇಕಂತೆ. ಕಾಯಬೇಕು.

ಗಂಗಾಬಾಯಿಯ ಮಗಳು ಊರಿಂದ ಬಂದಿದ್ದಾಳೆ. ಕರೆಂಟು ಮತ್ತೆ ಶುರುವಾಗಿದೆ. ತಪ್ಪಿದ ದಿನಗಳನ್ನು ಹೇಗೆ ಸರಿದೂಗಿಸುವುದು ಎಂದು ಡಾಕ್ಟರುಗಳು ಲೆಕ್ಕ ಹಾಕುತ್ತಿದ್ದಾರೆ. ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಅವಳು ಇನ್ನೂ ನನ್ನೊಡನೆ ಅರ್ಧ ಸಿಟ್ಟಿನಲ್ಲೇ ಮಾತಾಡುತ್ತಾಳೆ. "ನೀವ್ ನಂದು ಹೇಳಿದ್ರಿ, ನಾ ನಿಮ್ದು ಹೇಳ್ದೆ, ಲೆಕ್ಕ ತೀರ್ತು," ಅನ್ನುತ್ತಾಳೆ. ಮುಂದಿನ ವಾರ ಬುಧವಾರ ಬೇಗ ಬನ್ನಿ, ಪಕ್ಕದ ಕುರ್ಚಿ ಹಿಡಿದಿಡುತ್ತೇನೆ ಎಂದೂ ಅಂದಳು.

ಆಗಸ್ಟ್ 13, ಮಂಗಳವಾರ

ನಾಳೆ ನಾಲ್ಕನೆಯದು. ಬೆಳಿಗ್ಗೆ ಎದ್ದಾಗ ಎದೆಯ ಮೇಲೆ ಕಲ್ಲು ಇಟ್ಟ ಹಾಗಿತ್ತು. ಆ ಯೋಚನೆ ಹೋಗಿದೆ ಎಂದುಕೊಂಡಿದ್ದೆ. ಹೋಗಿಲ್ಲ. ಲಹರಿ ಇನ್ನೂ ಮಲಗಿದ್ದಳು. ಇವರು ಕನ್ನಡಿಯೆದುರು ಗಡ್ಡ ಮಾಡಿಕೊಳ್ಳುತ್ತಿದ್ದರು. ಹೋಗಿ ಬಾಗಿಲಲ್ಲಿ ನಿಂತೆ.

"ರೀ, ಇವತ್ತ ಬಂದೈತ್ರಿ," ಎಂದೆ.

ಏನು ಬಂದಿದೆ ಎಂದು ಕೇಳಲಿಲ್ಲ. ರೇಜರ್ ಕೆಳಗಿಟ್ಟು, ಅರ್ಧ ಮುಖದ ಸೋಪು ಹಾಗೇ ಇರುವಂತೆ ಬಂದು ಮಂಚದ ಮೇಲೆ ನನ್ನ ಪಕ್ಕದಲ್ಲಿ ಕುಳಿತರು. ನಾಳೆಯ ಸೂಜಿಯ ವಿಷಯ ಹೇಳಿದೆ, ಬೇರೆ ಏನೇನೋ ಹೇಳಿದೆ. ಕೆಳಗೆ ಕಾರ್ಖಾನೆಯ ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ಮತ್ತೊಮ್ಮೆ ಹೊಡೆಯಿತು. ಹೊರಟುಹೋಯಿತು. ಇವರು ಏಳಲಿಲ್ಲ.

ಸೋಪು ಮುಖದ ಮೇಲೆಯೇ ಒಣಗಿತು. ಸ್ವಲ್ಪ ಹೊತ್ತಿನ ಮೇಲೆ ನನಗೆ ಹಸಿವಾಯಿತು. "ಉಪ್ಪಿಟ್ಟು ಮಾಡ್ರಿ. ಉಳ್ಳಾಗಡ್ಡಿ ಭಾಳ ಹಾಕ್ರಿ," ಎಂದೆ.